ಹಿಮಸರೋವರದ ಹೆಜ್ಜೆಜಾಡುಗಳು: ರಸಿಕರಿಗೊಂದು ಕೈಪಿಡಿ

ವಸ್ತುಸಂಗ್ರಹಾಲಯಗಳಲ್ಲಿ ಡೈನೋಸಾರಿನ ಹೆಜ್ಜೆಯಚ್ಚಿನೊಳಗೆ ತಮ್ಮ ಪಾದವನ್ನಿಟ್ಟು ಛಾಯಾಚಿತ್ರ ತೆಗೆಸಿಕೊಂಡು ಕೃತಾರ್ಥರಾಗುವ ಮಹನೀಯರು, ಪಕ್ಕದಲ್ಲಿ ಒರಗಿಸಿಟ್ಟ ಬೂದುಬಣ್ಣದ ಚಪ್ಪಡಿಯ ಮೇಲೆ ಎರಡು ಸಾಲು ಚುಕ್ಕೆಗಳು ಬಾಗುತ್ತ ಬಳುಕುತ್ತ ಹೋಗಿರುವುದನ್ನು ಕಂಡು, “ಇದು ಯಾವ ಪ್ರಾಣಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಸಾಗುವುದನ್ನು ಎಷ್ಟೋ ಸಲ ನೋಡಿ ನಾನು ಒಳಗೊಳಗೇ ಕುದಿದಿದ್ದೇನೆ. ಸಂಧಿಪದಿಗಳ ಜಾಡನ್ನು ವರ್ಗೀಕರಿಸುವವನು ಆ ಪ್ರಶ್ನೆಯನ್ನು ಕಟ್ಟಕಡೆಗೆ ಕೇಳುತ್ತಾನೆ. ಕೆಲವೊಮ್ಮೆ ಕೇಳುವುದೇ ಇಲ್ಲ. ಆತನು ಹೆಸರಿಡುವುದು ನಡಿಗೆಗೆ; ನಡೆದವನು ಅಜ್ಞಾತನಾಗಿಯೇ ಉಳಿದರೂ ಶಾಸ್ತ್ರಕ್ಕೆ ಕುಂದಿಲ್ಲ.

ಪಳೆಯುಳಿಕೆಯೆಂದರೇನು, ಸಂಧಿಪದಿಯೆಂದರೇನು ಎಂಬ ಪ್ರಾಥಮಿಕ ಸಂಗತಿಗಳನ್ನು ಶಾಲಾಪುಸ್ತಕಗಳಿಗೆ ಬಿಟ್ಟು, ನೇರವಾಗಿ ಸ್ಥಳಕ್ಕೆ ಬರುತ್ತೇನೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಭೂಖಂಡದ ಬಹುಭಾಗವನ್ನು ಹಿಮವು ಆವರಿಸಿದ್ದಾಗ, ಹಿಮನದಿಗಳ ಮುಂದೆ ನಿಂತ ನೀರಿನಲ್ಲಿ ನಸುಬಣ್ಣದ ಹೂಳಿನದೊಂದು ಪದರ, ಅದರ ಮೇಲೆ ಕಪ್ಪುಜೇಡಿಯದೊಂದು ತೆಳುಪದರ, ಹೀಗೆ ಜೋಡಿಜೋಡಿಯಾಗಿ ಕೆಸರು ಕೂಡುತ್ತ ಹೋಯಿತು. ಬ್ರೆಜಿಲಿನ ಇತರಾರೆ ಶಿಲಾಸಮೂಹ, ದಕ್ಷಿಣ ಆಫ್ರಿಕದ ಡ್ವೈಕಾ ಶಿಲಾಸಮೂಹ, ಇವೆರಡೂ ನಮ್ಮ ಕಲೆಯ ಪ್ರಧಾನ ಪೀಠಗಳು. ಸಾವೊ ಪೌಲೊ ಪ್ರಾಂತದ ಇತು ಪಟ್ಟಣದಲ್ಲಿ ಇಂತಹ ಕಲ್ಲಿನ ಹಳೆಯ ಗಣಿಯನ್ನೇ 1995ರಲ್ಲಿ ಉದ್ಯಾನವನ್ನಾಗಿ ಮಾಡಿ ಸಾರ್ವಜನಿಕರಿಗೆ ತೆರೆದರು. ಒಂದೊಂದು ಜೋಡಿ ಪದರವೂ ಒಂದೊಂದು ವರ್ಷದ ಲೆಕ್ಕವೆಂದು ಮಾರ್ಗದರ್ಶಕರು ಹೇಳಿದರೆ ನಯವಾಗಿ ತಲೆದೂಗಿರಿ, ನಂಬಬೇಡಿ. ಇತರಾರೆಯ ಹಲವು ಪದರಗಳನ್ನು ಹಾಸಿದುದು ತಳದಲ್ಲಿ ಹರಿದ ಕೆಸರುಪ್ರವಾಹಗಳೇ ಹೊರತು ಋತುಚಕ್ರವಲ್ಲವೆಂಬ ವಾದಕ್ಕೆ ಬಲವಾದ ಆಧಾರಗಳಿವೆ. ನಮ್ಮ ದೇಶದಲ್ಲಿಯೂ ಆ ಹಿಮಯುಗದ ಸಾಕ್ಷಿ ಇಲ್ಲದೆ ಇಲ್ಲ: ಒಡಿಶಾದ ತಾಲ್ಚೇರಿನ ಬಂಡೆಗುಂಡುಗಳ ಸ್ತರವು ಹಿಮದ ಕೃತಿಯೆಂದು ಬ್ಲಾನ್‌ಫರ್ಡ್ ಸಹೋದರರು 1856ರಲ್ಲಿಯೇ ಸಾರಿದ್ದರು. ಕನ್ನಡನಾಡಿನ ನೆಲದಲ್ಲಿ ಮಾತ್ರ ಈ ಸ್ತರಗಳು ಇಲ್ಲ.

ನನ್ನ ಕಣ್ಣು ತೆರೆದುದು ಒಂದು ಸಂಜೆ. ತಲೆಯ ಮೇಲಿನ ದೀಪದಡಿಯಲ್ಲಿ ಬರಿಯ ಕಲ್ಲಾಗಿ ಕಾಣುತ್ತಿದ್ದ ಹಲಗೆಯನ್ನು ಹಿರಿಯರೊಬ್ಬರು ಮೇಜಿನ ಮೇಲೆ ಮಲಗಿಸಿ, ಕೋಣೆಯನ್ನು ಕತ್ತಲೆ ಮಾಡಿ, ಕೈದೀಪವೊಂದನ್ನು ಕಲ್ಲಿನ ಅಂಚಿಗೆ ತಗಲುವಷ್ಟು ತಗ್ಗಿಸಿ ಹಿಡಿದರು. ಕೂಡಲೆ ಪ್ರತಿಯೊಂದು ಗುಳಿಯೂ ತನ್ನ ನೆರಳನ್ನು ಚೆಲ್ಲಿ, ಅಳಿಸಿಹೋದಂತಿದ್ದ ಜಾಡು ಹಲಗೆಯ ಈ ತುದಿಯಿಂದ ಆ ತುದಿಗೆ ನಡೆದುಬಿಟ್ಟಿತು. ಓರೆಬೆಳಕಿಲ್ಲದೆ ಜಾಡನ್ನು ನೋಡುವುದು ಶ್ರುತಿಯಿಲ್ಲದೆ ಹಾಡು ಕೇಳಿದಂತೆ.

ಇನ್ನು ನನ್ನ ಮುಖ್ಯ ವಿಷಯ, ಅಧೋಮುದ್ರೆ. ಪ್ರಾಣಿಯ ಕಾಲು ಮೇಲಿನ ಪದರವನ್ನು ತುಳಿದಾಗ ಆ ಒತ್ತಡವು ಅಡಿಯ ಪದರಗಳಿಗೂ ಇಳಿಯುತ್ತದೆ. ಆದರೆ ಎಲ್ಲ ಕಾಲುಗಳೂ ಸಮನಾಗಿ ಒತ್ತುವುದಿಲ್ಲವಾದುದರಿಂದ, ಕೆಳಗಿಳಿದಂತೆಲ್ಲ ಹಗುರವಾಗಿ ತಾಗಿದ ಕಾಲುಗಳ ಗುರುತು ಮೊದಲು ಮಾಯವಾಗಿ, ಬಾಲ ಎಳೆದ ಗೆರೆಯೂ ಅಳಿದು, ಭಾರ ಹೊತ್ತ ಕಾಲುಗಳ ಗುಳಿಗಳಷ್ಟೇ ಉಳಿಯುತ್ತವೆ. ಯುಗಾಂತರದಲ್ಲಿ ಕಲ್ಲು ಯಾವ ಪದರದಲ್ಲಿ ಸೀಳುವುದೋ ಆ ಪದರದ ಚಿತ್ರವೇ ನಮಗೆ ಲಭ್ಯ. ಹಿಮಸರೋವರದ ಕಲ್ಲುಗಳೋ ಕೂದಲೆಳೆಯಷ್ಟು ತೆಳುವಾದ ಪದರಗಳಲ್ಲಿ ಸೀಳುವಂತಹವು. ಆದಕಾರಣ ಒಂದೇ ಪ್ರಾಣಿಯ ಒಂದೇ ನಡಿಗೆಯು ಮೂರು ನಾಲ್ಕು ಮುಖಗಳಿಂದ ನಮ್ಮೆದುರು ನಿಲ್ಲಬಹುದು, ಅವಸರದ ಪಂಡಿತನು ಪ್ರತಿಯೊಂದು ಮುಖಕ್ಕೂ ಹೊಸ ನಾಮಕರಣ ಮಾಡಬಹುದು. ಗೋಲ್ಡ್‌ರಿಂಗ್ ಮತ್ತು ಝೈಲಾಕರ್ 1971ರಲ್ಲಿ ಕುದುರೆಲಾಳದ ಏಡಿಗಳ ಜಾಡನ್ನು ಹಿಡಿದು ಈ ತತ್ತ್ವವನ್ನು ವಿಶದಪಡಿಸಿದ ಮೇಲೂ, ಹಲಗೆಯ ದಪ್ಪವನ್ನಾಗಲಿ, ಸೀಳಿದ ಮೈ ಮೇಲ್ಮುಖವೋ ಕೆಳಮುಖವೋ ಎಂಬುದನ್ನಾಗಲಿ ವಿಚಾರಿಸದೆ ಚುಕ್ಕೆಗಳನ್ನು ಎಣಿಸತೊಡಗುವವರು ಇದ್ದಾರೆ. ಪ್ರಾಣಿಯ ಹೆಸರಿಗಾಗಿ ಹಸಿದವರ ಗತಿ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಸಾಕು: ಪೆನ್ಸಿಲ್ವೇನಿಯದ ಡೆವೋನಿಯನ್ ಶಿಲೆಯಲ್ಲಿ ದೊರೆತ ಜಾಡೊಂದನ್ನು ಆದಿಮ ಉಭಯಚರದ ಹೆಜ್ಜೆಯೆಂದು ಸಂಭ್ರಮಿಸಿ 1935ರಲ್ಲಿ ಪ್ಯಾರಾಂಫಿಬಿಯಸ್ ಎಂದು ಕರೆದರು, ಅದು ಕುದುರೆಲಾಳದ ಏಡಿಯ ವರ್ಗದ ನಡಿಗೆಯೆಂದು ಕ್ಯಾಸ್ಟರ್ 1938ರಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಎಣಿಸಬೇಕಾದುದೇನು? ಒಂದು ಪಕ್ಕದ ಕಾಲುಗಳೆಲ್ಲ ಒಂದು ಆವರ್ತದಲ್ಲಿ ಬಿಟ್ಟ ಗುರುತುಗಳ ಗುಂಪನ್ನು ಮೊದಲು ಬೇರ್ಪಡಿಸಿ, ಆ ಗುಂಪು ಎಲ್ಲಿ ಮರುಕಳಿಸುವುದೆಂದು ನೋಡಿ, ಎಡಬಲದ ಗುಂಪುಗಳು ಎದುರುಬದುರಾಗಿವೆಯೋ ಹಿಂದುಮುಂದಾಗಿವೆಯೋ ಎಂದು ಪರೀಕ್ಷಿಸಿ, ಆಮೇಲೆ ಜಾಡಿನ ಒಳಅಗಲ ಹೊರಅಗಲಗಳನ್ನೂ ನಡುಗೆರೆಯನ್ನೂ ಗುರುತಿಸಬೇಕು. ಟ್ರೂವಿನ್ 1994ರಲ್ಲಿ ಪ್ರಕಟಿಸಿದ ಪದ್ಧತಿ ಇದಕ್ಕೆ ಒಳ್ಳೆಯ ದಾರಿ. ನಡುಗೆರೆಯಿಲ್ಲದ, ಚುಕ್ಕೆಗಳ ಎರಡು ಸಮಾನಾಂತರ ಸಾಲು ಡಿಪ್ಲಿಕ್ನೈಟಿಸ್. ಚುಕ್ಕೆಗಳು ಕೂಡಿಕೊಂಡು ಎರಡು ಗೀರುಗಳಾದರೆ ಡಿಪ್ಲೊಪೋಡಿಕ್ನಸ್. ಮೊದಲನೆಯ ಹೆಸರನ್ನು ಡಾಸನ್ 1873ರಲ್ಲಿ ಕೆನಡದ ಕಲ್ಲಿದ್ದಲು ಯುಗದ ಶಿಲೆಗೆಂದು ಕೊಟ್ಟರು. ಎರಡನೆಯದನ್ನು ಬ್ರೇಡಿ 1947ರಲ್ಲಿ ಅರಿಜೋನದ ಮರುಭೂಮಿಯ ಮರಳುಗಲ್ಲಿಗೆಂದು ಕೊಟ್ಟರು. ಇವೆರಡೂ ಈಗ ಹಿಮಸರೋವರದ ಕೆಸರಿನಲ್ಲಿ ಅಕ್ಕಪಕ್ಕ ಕುಳಿತಿವೆ. ಅಷ್ಟೇ ಅಲ್ಲ, ಒಂದೇ ಜಾಡು ಗಟ್ಟಿನೆಲದಲ್ಲಿ ಡಿಪ್ಲಿಕ್ನೈಟಿಸ್ ಆಗಿ ಹೊರಟು ಮೆದುನೆಲದಲ್ಲಿ ಡಿಪ್ಲೊಪೋಡಿಕ್ನಸ್ ಆಗಿ ಮುಂದುವರಿಯುವುದುಂಟು. ಇದಕ್ಕಿಂತ ರಮಣೀಯವಾದ ದೃಶ್ಯವನ್ನು ನಾನು ಶಿಲೆಯಲ್ಲಿ ಕಂಡಿಲ್ಲ. ಇನ್ನು ಉಂಫೊಲೋಜಿಯಾ, ಸ್ಯಾವೇಜ್ 1971ರಲ್ಲಿ ನಟಾಲಿನ ಡ್ವೈಕಾ ಪದರಗಳಿಂದ ಎತ್ತಿ ತೋರಿಸಿದ್ದು, ಸಿಗಡಿಯ ದೂರಬಂಧುವಾದ ಯಾವುದೋ ಕವಚಜೀವಿಯದೆಂದು ಊಹೆ. ಗ್ಲೇಸಿಯಿಕ್ನಿಯಂ ಎಂಬುದು ಜರ್ಮನಿಯ ಲೀಬೆಗಾಸ್ಟಿನಲ್ಲಿ, ತೀರ ಈಚಿನ ಪ್ಲೀಸ್ಟೊಸೀನ್ ಹಿಮಯುಗದ ಜೇಡಿಯಲ್ಲಿ ಹುಟ್ಟಿದ ಹೆಸರಾದರೂ, ಗೊಂಡ್ವಾನದ ಕಲ್ಲಿಗೂ ಅದು ನಿಸ್ಸಂಕೋಚವಾಗಿ ಸಲ್ಲುತ್ತದೆ.

ಹುಳುಗಳು ಮೇಯ್ದ ಸುಳಿಗೀರುಗಳನ್ನೂ, ಮೀನಿನ ರೆಕ್ಕೆ ತೀಡಿದ ಅಲೆಗೀರುಗಳನ್ನೂ ಕೆಲವರು ಮೆಚ್ಚುತ್ತಾರೆ, ಅವರವರ ರುಚಿ. ಕಾಲಿಲ್ಲದ ಜಾಡಿನಲ್ಲಿ ಲಯವೆಲ್ಲಿಂದ ಬರಬೇಕು? ಕೆಸರಿನ ಮೇಲೆ ಸೂಕ್ಷ್ಮಜೀವಿಗಳ ಲೋಳೆಪೊರೆ ಹಬ್ಬಿ ಗುರುತುಗಳನ್ನು ಕಾಪಾಡಿದುದು ಮಾತ್ರ ಸ್ಮರಣೀಯ.

ಬ್ರೆಜಿಲಿಗೆ ಹೋಗಲಾರದವರು ಬ್ರೇಡಿಯ ಮಾರ್ಗವನ್ನೇ ಹಿಡಿಯಬಹುದು. ಆತನು ಜೀವಂತ ಸಂಧಿಪದಿಗಳನ್ನು ನಡೆಸಿ, ಅವುಗಳ ಜಾಡನ್ನು ಕಲ್ಲಿನ ಜಾಡಿನೊಡನೆ ಹೋಲಿಸಿದವನು. ಮಳೆಗಾಲದಲ್ಲಿ ಹಿತ್ತಲಿನ ತರಗೆಲೆಯಡಿಯಿಂದ ಸಹಸ್ರಪದಿಯೊಂದನ್ನು ಮೆಲ್ಲನೆ ಎತ್ತಿ ತಂದು, ತಟ್ಟೆಯಲ್ಲಿ ನುಣ್ಣಗೆ ಹರಡಿದ ಜೇಡಿಯ ಒಂದು ತುದಿಯನ್ನು ಒದ್ದೆಯಾಗಿಯೂ ಇನ್ನೊಂದನ್ನು ಆರಲೂ ಬಿಟ್ಟು, ಅಡ್ಡಲಾಗಿ ನಡೆಸಿರಿ. ಜಾಡು ಎಲ್ಲಿ ಚುಕ್ಕೆಯಿಂದ ಗೀರಾಯಿತೆಂದು ಓರೆಬೆಳಕಿನಲ್ಲಿ ಗುರುತು ಹಾಕಿ, ಅಗಲವನ್ನು ಅಳೆದು ಬರೆದುಕೊಂಡು, ಪ್ರಾಣಿಯನ್ನು ತಂದಲ್ಲಿಗೇ ಬಿಡಿರಿ, ತಟ್ಟೆಯನ್ನು ಮಾತ್ರ ಒಣಗಲು ಇಟ್ಟು, ಮರುದಿನ ಅದನ್ನು ಕಂಡು “ಇದು ಯಾವ ಪ್ರಾಣಿ?” ಎಂದು ಕೇಳುವ ಅತಿಥಿಗೆ ಮೊದಲು ಅಳತೆಗೋಲನ್ನು ಕೊಡಿರಿ.