ಕತ್ತರಿಸದ ಟೇಪಿನ ಬೆಲೆ

ಹಳೆಯ ರೇಡಿಯೊ ಜಿಂಗಲ್‌ಗಳ ಸಂಗ್ರಾಹಕರು ಸ್ಟುಡಿಯೊದ ಮಾಸ್ಟರ್ ಟೇಪಿಗೆ ಕೊಡುವ ಮನ್ನಣೆಯನ್ನು ಏರ್‌ಚೆಕ್‌ಗೆ, ಅಂದರೆ ಪ್ರಸಾರವನ್ನೇ ರೇಡಿಯೊದಿಂದ ಹಿಡಿದಿಟ್ಟ ಟೇಪಿಗೆ, ಕೊಡುವುದಿಲ್ಲ. ಮಾಸ್ಟರ್‌ನ ನಾದ ಶುದ್ಧ. ಏರ್‌ಚೆಕ್‌ನಲ್ಲಿ ಗೊರಗೊರ ಸದ್ದು, ಜಿಂಗಲ್‌ನ ಮೇಲೆಯೇ ನಿರೂಪಕನ ಮಾತು. ಆದರೂ ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದರೆ ಏರ್‌ಚೆಕ್ ಉಳಿಯಬೇಕು ಎಂಬುದು ನನ್ನ ನಿಲುವು.

ಇದಕ್ಕೆ ಕಾರಣ ಜಿಂಗಲ್ ತಯಾರಾಗುತ್ತಿದ್ದ ಕ್ರಮದಲ್ಲೇ ಇದೆ. ಬಿಲ್ ಮೀಕ್ಸ್ 1951ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಕಟ್ಟಿದ ಪ್ಯಾಮ್ಸ್ ಸಂಸ್ಥೆ ಜಿಂಗಲ್‌ಗಳನ್ನು ಸರಣಿಗಳಾಗಿ ಮಾರುತ್ತಿತ್ತು. ವಾದ್ಯಸಂಗೀತ ಒಂದೇ, ಕೊಂಡ ಕೇಂದ್ರದ ಹೆಸರನ್ನು ಮಾತ್ರ ಗಾಯಕರು ಅದರ ಮೇಲೆ ಹೊಸದಾಗಿ ಹಾಡುತ್ತಿದ್ದರು. ನ್ಯೂಯಾರ್ಕಿನ ಡಬ್ಲ್ಯುಎಬಿಸಿ, ಇಂಗ್ಲೆಂಡಿನ ಕರಾವಳಿಯಾಚೆ ಹಡಗಿನಿಂದ ಬಿತ್ತರವಾಗುತ್ತಿದ್ದ ರೇಡಿಯೊ ಲಂಡನ್, 1967ರ ಸೆಪ್ಟೆಂಬರ್ 30ರಂದು ಶುರುವಾದ ಬಿಬಿಸಿ ರೇಡಿಯೊ 1, ಈ ಮೂರೂ ಪ್ಯಾಮ್ಸ್‌ನ ಗಿರಾಕಿಗಳೇ. ಹೀಗೆ ಹಂಚಿಹೋದ ಸಂಗೀತಕ್ಕೆ ಒಂದು ಕೇಂದ್ರದ ಗುರುತು ಮೂಡಿದ್ದು ಪ್ರಸಾರದಲ್ಲಿ. ಡಬ್ಲ್ಯುಎಬಿಸಿ ತನ್ನ ಧ್ವನಿಗೆ ಸೇರಿಸುತ್ತಿದ್ದ ದಟ್ಟವಾದ ಅನುರಣನ ಡಲ್ಲಾಸ್‌ನ ಟೇಪಿನಲ್ಲಿ ಸಿಗದು.

ಮಾಸ್ಟರ್ ಇಲ್ಲದೆ ಕುಸುರಿ ತಿಳಿಯುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ಯಾಮ್ಸ್ ಬಳಸುತ್ತಿದ್ದ ಸೊನೊವಾಕ್ಸ್‌ನ ಪುಟ್ಟ ಸ್ಪೀಕರುಗಳನ್ನು ಗಂಟಲಿಗೆ ಒತ್ತಿಕೊಂಡು ತುಟಿಯಾಡಿಸಿದರೆ ವಾದ್ಯವೇ ಮಾತನಾಡಿದಂತೆ ಕೇಳುತ್ತದೆ. ಆ ಸೂಕ್ಷ್ಮ ಮಧ್ಯಮ ತರಂಗದ ಗದ್ದಲದಲ್ಲಿ ಮಸುಕಾಗುತ್ತದೆ, ನಿಜ. ಆದರೆ ಮಾಸ್ಟರ್ ಹೇಳುವುದು ಜಿಂಗಲ್ ಹೇಗೆ ಆಯಿತು ಎಂಬುದನ್ನು. ಯಾವ ಕೆಲಸಕ್ಕೆ ಬಂತು ಎಂಬುದನ್ನು ಏರ್‌ಚೆಕ್ ಮಾತ್ರ ಹೇಳಬಲ್ಲದು.

ಹಾಡುಗಳು ಬೇರೆಡೆ ಸಿಗುತ್ತವೆ, ಅವನ್ನು ಕತ್ತರಿಸಿ ಮಾತನ್ನೂ ಜಿಂಗಲ್‌ಗಳನ್ನೂ ಇಟ್ಟುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಟೇಪ್ ಉಳಿಸಲು ಹಾಗೆ ಕತ್ತರಿಸಿದ ಏರ್‌ಚೆಕ್‌ಗಳು ಬೇಕಾದಷ್ಟಿವೆ. ಆದರೆ ನಿಧಾನವಾಗಿ ಆರಂಭವಾಗಿ ಚುರುಕಾಗಿ ಮುಗಿಯುವ ಜಿಂಗಲ್‌ಗಳು ಹುಟ್ಟಿದ್ದೇ ವಿಳಂಬ ಗತಿಯ ಹಾಡಿನಿಂದ ವೇಗದ ಹಾಡಿಗೆ ಕೇಳುಗರನ್ನು ದಾಟಿಸಲು. ಆಚೀಚೆಯ ಹಾಡುಗಳನ್ನು ತೆಗೆದರೆ ಸೇತುವೆ ಉಳಿದು ದಡಗಳೇ ಮಾಯವಾದಂತೆ. ಎಷ್ಟು ಸೆಕೆಂಡು ಬಿಟ್ಟು ಮುಂದಿನ ಹಾಡು ಹಿಡಿಯಿತು, ನಿರೂಪಕ ಎಲ್ಲಿ ಮಾತು ನಿಲ್ಲಿಸಿದ ಎಂಬ ಲೆಕ್ಕವೂ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಹಳೆಯ ಟೇಪ್ ಕೈಸೇರಿದಾಗ ಮೊದಲು ಇಡೀ ಪ್ರತಿ ತೆಗೆಯಿರಿ, ಕೇಂದ್ರದ ಹೆಸರು, ದಿನಾಂಕ ಬರೆದಿಡಿ. ಸದ್ದು ಸೋಸುವ ಕೆಲಸವೇನಿದ್ದರೂ ಇನ್ನೊಂದು ಪ್ರತಿಯ ಮೇಲೆ ನಡೆಯಲಿ.