ಮುಗ್ಗಲು ಹಿಡಿದ ಸೀರೆಯನ್ನು ಜರಿಯವರಿಗೆ ಕೊಡಬೇಡಿ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಳೆಯ ಜರತಾರಿ ಸೀರೆ ಕೊಳ್ಳುವವರ ಕಣ್ಣು ಹೆಚ್ಚಾಗಿ ಬೆಳ್ಳಿಯ ಮೇಲೆ. ಜರಿ ತೆಗೆಯಲು ಸೀರೆಯನ್ನು ಸುಡುತ್ತಾರೆ. ಹಾಗೆ ಹೋಗುವ ಎಷ್ಟೋ ಸೀರೆಗಳು ಎಲ್ಲೂ ಹರಿದಿರುವುದಿಲ್ಲ, ‘ವಾಸನೆ ಹೋಗೋದೇ ಇಲ್ಲ’ ಅಂತ ಮನೆಯವರು ಬೇಸತ್ತು ಕೊಟ್ಟಿರುತ್ತಾರೆ, ಅಷ್ಟೆ. ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆ ವಾಸನೆ ಹೋಗುತ್ತದೆ. ಆದರೆ ಅದು ಯಾವ ವಾಸನೆ ಎಂದು ಮೊದಲು ಮೂಗಿಗೆ ಗೊತ್ತಾಗಬೇಕು.

ಮುಗ್ಗಲು ಎಂದರೆ ಬೂಷ್ಟು. ಗಾಳಿಯಾಡದ ಟ್ರಂಕಿನಲ್ಲಿ ತೇವಾಂಶ ಶೇ 65–70 ದಾಟಿ ನಿಂತರೆ ಅದಕ್ಕೆ ಧಾರಾಳವಾಯಿತು. ನುಸಿಗುಳಿಗೆಯ ಘಾಟು ಬೇರೆಯೇ. ನ್ಯಾಫ್ತಲೀನ್ ಕರಗದೆ ನೇರವಾಗಿ ಆವಿಯಾಗಿ ಎಳೆಗಳಲ್ಲಿ ಕೂರುತ್ತದೆ, ನೀರಿಗೆ ಬಿಟ್ಟುಕೊಡುವುದಿಲ್ಲ. ಎಷ್ಟು ಒಗೆದರೂ ದಂಡ, ಗಾಳಿಗೇ ಹರವಬೇಕು. ಮನೆಯಲ್ಲಿ ಎಳೆಗೂಸಿದ್ದರೆ ಘಾಟು ಪೂರ್ತಿ ಹೋಗುವ ತನಕ ಅಂಥ ಸೀರೆ ಉಡಲೇಬೇಡಿ. ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಈ ಆವಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಬೂಷ್ಟಿನ ಸೀರೆ ಕೈಗೆ ಬಂದೊಡನೆ ಅಂಗಳಕ್ಕೆ ಒಯ್ದು ಮಡಿಕೆ ಬಿಡಿಸಿ. ಮಡಿಕೆಯ ಗೆರೆಗುಂಟ ಬೆರಳಾಡಿಸಿ ನೋಡಿ: ಬೂದಿಬಣ್ಣದ ಪುಡಿ ಹತ್ತಿದರೆ ಅದನ್ನು ಒಣಗಿದ್ದಾಗಲೇ ಮೆತ್ತನೆಯ ಬ್ರಷ್ಷಿನಿಂದ ಹೊರಮುಖವಾಗಿ ಕೊಡವಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಳೆಯೊಳಕ್ಕೆ ಇಳಿಯುತ್ತದೆ. ಹಳೆ ಸೀರೆ ಕೊಳ್ಳಲು ಹೋದಾಗಲೂ ಹೀಗೆಯೇ ನೋಡಿ: ಗೆರೆಯಲ್ಲೇ ರೇಷ್ಮೆ ಸೀಳುತ್ತಿದೆಯೆಂದರೆ ಎಷ್ಟೇ ಅಗ್ಗವಿರಲಿ, ಉಡಲೆಂದು ಕೊಳ್ಳಬೇಡಿ. ಆಮೇಲೆ ಗಾಳಿ ಬೀಸುವ ನೆರಳಿನಲ್ಲಿ, ಹಗ್ಗದ ಮೇಲೆ ಹಳೆ ಪಂಚೆ ಹಾಸಿ, ಅದರ ಮೇಲೆ ಸೀರೆ ಹರವಿ. ನೂಲಿನ ಬಟ್ಟೆಗೆ ಬೆಳಗಿನ ಬಿಸಿಲು ಒಳ್ಳೆಯದೇ, ರೇಷ್ಮೆಗೆ ಬೇಡ: ಬಿಸಿಲಿಗೆ ಅದು ಹಳದಿಗಟ್ಟಿ ಬಲ ಕಳೆದುಕೊಳ್ಳುತ್ತದೆ. ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಆತುರಕ್ಕೆ ಸೆಂಟು ಹೊಡೆಯುವುದು ಮಾತ್ರ ಬೇಡವೇ ಬೇಡ. ಕಲೆಯೂ ಉಳಿಯುತ್ತದೆ, ಮುಗ್ಗಲೂ ಉಳಿಯುತ್ತದೆ.

ಒಗೆಯಲೇಬೇಕಾದರೆ ರೇಷ್ಮೆಗೆ ಕ್ಷಾರ ಆಗದು ಎಂಬುದು ನೆನಪಿರಲಿ. ಅದು ಪ್ರೋಟೀನಿನ ಎಳೆ. ವಾಸನೆಗೆ ಎಲ್ಲರೂ ಹೇಳುವ ಅಡುಗೆ ಸೋಡಾ, ವಾಷಿಂಗ್ ಪೌಡರ್ ಎರಡೂ ಕ್ಷಾರವೇ. ಅಂಟುವಾಳದ ನೀರು ಸಾಕು. ಅಸಲಿ ಜರಿಯಿದ್ದರೆ ಆ ಗೋಜೂ ಬೇಡ, ಗಾಳಿಯಷ್ಟೇ. ಬರೀ ನೂಲಿನ ಸೀರೆಗೆ ಕೊನೆಯ ಜಾಲಿಸುವ ನೀರಿನಲ್ಲಿ ಸ್ವಲ್ಪ ಬಿಳಿ ವಿನೆಗರ್ ಹಾಕಬಹುದು. ಇಳಕಲ್ ಸೀರೆ ಬಂದಾಗ ಎಚ್ಚರ ಹೆಚ್ಚಿರಲಿ: ಒಡಲಿನ ಹಾಸೆಳೆಗೆ ಸೆರಗಿನ ಹಾಸೆಳೆಯನ್ನು ಕೊಂಡಿ ಹಾಕಿ ಕೂಡಿಸಿದ ನೇಯ್ಗೆ ಅದು. ಸೆರಗಿನ ಕೆಂಪು ಬಣ್ಣ ಬಿಟ್ಟರೆ ಒಡಲಿಗೂ ಹಬ್ಬುತ್ತದೆ. ಒದ್ದೆ ಬಿಳಿ ಅರಿವೆಯನ್ನು ಮೂಲೆಯಲ್ಲಿ ಒತ್ತಿ ನೋಡಿ, ಬಣ್ಣ ಹತ್ತದಿದ್ದರಷ್ಟೇ ನೀರಿಗೆ ಇಳಿಸಿ.

ಇಷ್ಟೆಲ್ಲ ಮಾಡಿ ಅದೇ ಟ್ರಂಕಿಗೆ ಸೇರಿಸುವವರಿದ್ದಾರೆ. ಮೊದಲು ಟ್ರಂಕನ್ನು ಒರೆಸಿ ಬಿಸಿಲಿಗಿಡಿ. ಸೀರೆಯನ್ನು ಪ್ಲಾಸ್ಟಿಕ್ ಚೀಲದ ಬದಲು ತೆಳು ಮಲ್ಲು ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಣಗಿದ ಲಾವಂಚದ ಬೇರಿಡಿ. ಮಳೆಗಾಲ ಕಳೆದೊಡನೆ ತೆಗೆದು, ಹಿಂದಿನ ಗೆರೆ ಬಿಟ್ಟು ಬೇರೆ ಕಡೆ ಮಡಿಚಿಡಿ.