ಏಕಾಂತದ ಅಳತೆಗೋಲು

ಅಮೆರಿಕದ ಪಶ್ಚಿಮ ರಾಜ್ಯಗಳ ಸರಕಾರಿ ಭೂಮಿಯಲ್ಲಿ ಯಾವುದನ್ನು ವನ್ಯಸ್ಥಿತಿಯಲ್ಲೇ ಉಳಿಸಬೇಕೆಂಬುದನ್ನು ನಿರ್ಧರಿಸಲು ಒಂದು ಕ್ರಮವುಂಟು. ರಸ್ತೆಗಳಿಲ್ಲದ, 5,000 ಎಕರೆಗೆ ಕಡಿಮೆಯಿಲ್ಲದ ಪ್ರದೇಶಗಳನ್ನು 15 ವರ್ಷಗಳೊಳಗೆ ಪರಿಶೀಲಿಸುವ ಹೊಣೆಯನ್ನು 1976ರ ಕಾಯಿದೆಯು ಸರಕಾರಕ್ಕೆ ಹೊರಿಸಿತು. ಒರೆಗಲ್ಲು ಮಾತ್ರ 1964ರ ವನ್ಯಪ್ರದೇಶ ಕಾಯಿದೆಯದು: ನೆಲವು ಸಹಜಸ್ಥಿತಿಯಲ್ಲಿರಬೇಕು; ಅಲ್ಲಿ ಏಕಾಂತಕ್ಕೋ ಸರಳ ವಿಹಾರಕ್ಕೋ ಶ್ರೇಷ್ಠವಾದ ಅವಕಾಶವಿರಬೇಕು.

ಏಕಾಂತ ಯಾರಿಗೆ? ಹೋಗಿಬರುವ ಮನುಷ್ಯನಿಗೆ. ಆ ಮರುಭೂಮಿಗಳಲ್ಲಿ ಬಿಲ ತೋಡಿ ಬದುಕುವ ಆಮೆಯ ಬಾಳು ಈ ಲೆಕ್ಕದಲ್ಲಿ ಕಡ್ಡಾಯವಲ್ಲ. ಜೀವಪರಿಸರದ ಮೌಲ್ಯಗಳೂ ಇರಬಹುದೆಂದಷ್ಟೇ ಕಾಯಿದೆಯ ಮಾತು. ರಕ್ಷಣೆಗೆಂದೇ ಹುಟ್ಟಿದ ಶಾಸನವು ಜೀವಿಗಳನ್ನು ಅನುಬಂಧಕ್ಕೆ ಸರಿಸಿದ್ದು ಸಣ್ಣ ದೋಷವಲ್ಲ.

ಆದರೂ ಇದರಲ್ಲಿ ಮೆಚ್ಚತಕ್ಕ ಸಂಯಮವೊಂದಿದೆ. ಸಂಸತ್ತು ತೀರ್ಮಾನಿಸುವವರೆಗೆ, ಅಧ್ಯಯನಕ್ಕೆಂದು ಗುರುತಿಸಿದ ನೆಲದ ಯೋಗ್ಯತೆ ಕೆಡದಂತೆ ಕಾಯತಕ್ಕದ್ದು. ಸಂದೇಹವಿದ್ದಾಗ ಕೈ ತಡೆಯುವ ಈ ವಿಧಿಯ ವ್ಯಾಪ್ತಿಯನ್ನೇ 2003ರಲ್ಲಿ ಯೂಟಾ ರಾಜ್ಯದೊಡನೆ ಆದ ರಾಜಿಯು ಮೊಟಕುಗೊಳಿಸಿತು. ಹೊಸ ಅಧ್ಯಯನ ಪ್ರದೇಶಗಳನ್ನು ಗುರುತಿಸುವ ಅಧಿಕಾರ ತೀರಿತೆಂದು ಕೇಂದ್ರ ಸರಕಾರವೇ ಒಪ್ಪಿತು. 2010ರಲ್ಲಿ ಒಳನಾಡು ಇಲಾಖೆಯ ಸಚಿವ ಕೆನ್ ಸಲಜಾರ್ ಬೇರೊಂದು ಹೆಸರಿನಲ್ಲಿ ರಕ್ಷಣೆಗೆ ಆಜ್ಞೆ ಹೊರಡಿಸಿದರು. ಮರುವರ್ಷ ಸಂಸತ್ತು ಅದಕ್ಕೆ ಹಣ ಕೊಡಲೊಪ್ಪಲಿಲ್ಲ. ಪರಿಶೀಲನೆಯ ಅವಧಿ ಮುಗಿದು ಮೂರು ದಶಕ ಕಳೆದರೂ ನೂರಾರು ಪ್ರದೇಶಗಳು ತೀರ್ಮಾನವಿಲ್ಲದೆ ಕಾದಿವೆ.